ಹುಲ್ಲು ಬೆಳೆಯದ ಹಿತ್ತಲು

ಮಗಳಿಗೆ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಒಂದನೇ ತಾರೀಖಿನಿಂದ ಮಕ್ಕಳಿಬ್ಬರನ್ನೂ ಕರೆದುಕೊಂಡು ಬಂದು ನಮ್ಮಲ್ಲೇ ಇರುವುದೆಂದು ಮಾತಾಗಿತ್ತು. ಕುಡಿದು ಬಡಿಯುವ ಗಂಡನಿಂದ ಬಿಡಿಸಿಕೊಳ್ಳಲು ಅವಳಿಗೆ ಇದ್ದದ್ದು ಇದೊಂದೇ ದಾರಿ.

ನಮ್ಮ ಯಜಮಾನರು ಹದಿನೈದು ದಿನ ಹಿತ್ತಲು ಬಿಟ್ಟು ಕದಲಲಿಲ್ಲ. ಬಾವಿಗೆ ಕಬ್ಬಿಣದ ಜಾಲರಿ ಕೂರಿಸಿದರು. ಬಟ್ಟೆ ಒಗೆಯುವ ಕಲ್ಲಿನ ಚೂಪು ಮೂಲೆಗಳನ್ನು ಉಜ್ಜಿ ನುಣ್ಣಗೆ ಮಾಡಿದರು. ಕೊನೆಗೆ ಹಿತ್ತಲೆಲ್ಲ ಅಂಬೆಗಾಲಿಡತೊಡಗಿದರು.

“ಅರವತ್ತಕ್ಕೆ ಅರಳು ಮರಳು ಅನ್ನೋದು ಸುಳ್ಳಲ್ಲ ನೋಡಿ.”

“ಸುಮ್ನಿರೇ. ಮಕ್ಕಳ ಎತ್ತರಕ್ಕೆ ಬಗ್ಗಿದ್ರೇನೇ ಮೊಳೆ ಕಾಣ್ಸೋದು.”

ಎರಡು ಮೊಳೆ ಸಿಕ್ಕವು ಕೂಡ.

ಹಿತ್ತಲಲ್ಲಿ ಹುಲ್ಲೇ ಇಲ್ಲದ್ದರಿಂದ ಹಾವಿನ ಭಯವಂತೂ ನಮಗಿರಲಿಲ್ಲ. ಮೂವತ್ತು ವರ್ಷ ಅವರು ಅಲ್ಲೇ ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ಕರಗಿಸಿದವರು. ಆ ಸೀಸದ ಒಲೆಯ ಬೂದಿಯನ್ನು ಪ್ರತಿವರ್ಷ ನೆಲಕ್ಕೆ ಹರಡಿ ಬಡಿದು ಗಟ್ಟಿ ಮಾಡುತ್ತಿದ್ದವಳು ನಾನು. ಒಂದು ಗರಿಕೆಯೂ ಹುಟ್ಟದ ನಮ್ಮ ಹಿತ್ತಲು ಕಂಡು ಪಕ್ಕದ ಮನೆಯಾಕೆ ಹೊಟ್ಟೆ ಉರಿದುಕೊಳ್ಳುತ್ತಿದ್ದಳು.

ಬೀದಿಗೆ ಲಸಿಕೆ ಹಾಕಲು ಬಂದ ನರ್ಸಮ್ಮನನ್ನು ಯಜಮಾನರೇ ಕರೆತಂದರು, ನಾಲ್ಕು ಮಾತು ಹೊಗಳಿಸಿಕೊಳ್ಳಲು.

“ಜಾಲರಿ ಗಟ್ಟಿಯಾಗಿದೆ ತಾತ. ಹುಲ್ಲೆಲ್ಲ ನೀವೇ ಕಿತ್ರಾ?”

“ಕೀಳೋದೆಲ್ಲಿ ಬಂತಮ್ಮ, ಹುಟ್ಟಿದ್ರೆ ತಾನೇ!” ಎಂದು ನಾನು ಬೂದಿಯ ಕಥೆ ಬಿಚ್ಚಿದೆ.

ಆಕೆಯ ಮುಖ ಇಳಿಯಿತು. “ಹುಲ್ಲಿಗೇ ಆಗದ ಮಣ್ಣು ಮಕ್ಕಳಿಗೆ ಆಗುತ್ತಾ ಅಜ್ಜಿ? ಮಣ್ಣು ಬಾಯಿಗಿಡದ ಮಗು ಎಲ್ಲಿದೆ? ಸೀಸ ಮೈಗೆ ಹತ್ತಿದ್ರೆ ಬುದ್ಧೀನೇ ಬೆಳೆಯಲ್ಲ.”

“ಹಿತ್ತಲಿಗೆ ಬಿಡಲ್ಲ, ಒಳಗೇ ಆಡಿಸ್ತೀವಿ.”

“ಒಳಗಿನ ನೆಲಕ್ಕೆ ಏನು ಹಾಕಿದ್ದೀರಿ?”

ಅದಕ್ಕೂ ಅದೇ ಬೂದಿ ಕಲಸಿದ್ದೆವು.

ಯಜಮಾನರು ಗುದ್ದಲಿ ಹಿಡಿದರು. ಮೊಣಕಾಲುದ್ದ ಅಗೆದರೂ ಬೂದಿ ಮುಗಿಯಲಿಲ್ಲ. ತೆಗೆದದ್ದನ್ನು ಎಲ್ಲಿ ಸುರಿಯುವುದು? ಬೀದಿಯಲ್ಲೂ ಮಕ್ಕಳಿದ್ದವು.

ಒಂದನೇ ತಾರೀಖು ಮಗಳು ಗಂಟುಮೂಟೆ ಸಮೇತ ಬಾಗಿಲಿಗೆ ಬಂದಳು. ಅಡ್ಡ ನಿಂತು ವಿಷಯ ಹೇಳಿದೆ.

“ನಾನೂ ಇಲ್ಲೇ ಬೆಳೆದೆನಲ್ಲಮ್ಮ. ನನಗೇನಾಯ್ತು?”

ಇವತ್ತು ಕಲಿಸಿದ ಮಗ್ಗಿ ನಾಳೆಗೆ ಮರೆಯುತ್ತಿದ್ದಳು. ನಾಲ್ಕನೇ ತರಗತಿ ದಾಟಲೇ ಇಲ್ಲ. ದಡ್ಡಿ ಎಂದು ಬಾಸುಂಡೆ ಬರುವಂತೆ ಹೊಡೆದದ್ದು ಇದೇ ಕೈ.

“ಹೇಳಮ್ಮ, ನನಗೇನಾಗಿದೆ?”

ನಾನು ಬಾಗಿಲು ಬಿಡಲಿಲ್ಲ. ಅವಳು ಚಿಕ್ಕದನ್ನು ಸೊಂಟಕ್ಕೇರಿಸಿ, ದೊಡ್ಡದರ ಕೈ ಹಿಡಿದು, ಬಂದ ದಾರಿಯಲ್ಲೇ ಗಂಡನ ಮನೆಗೆ ಹೊರಟಳು. ಹಿತ್ತಲಲ್ಲಿ ಗುದ್ದಲಿಯ ಸದ್ದು ನಿಂತಿರಲಿಲ್ಲ.