ಹನ್ನೊಂದು ಬಿಳಿ ಕೂದಲು

ಮೊಲಗಳ ಪ್ರದರ್ಶನದಲ್ಲಿ ಹದಿನಾರನೆಯ ಮೊಲದ ಬೆನ್ನಿನ ಹತ್ತಿರ ಬಾಯಿ ತಂದು ತೀರ್ಪುಗಾರ್ತಿ ಉಫ್ ಎಂದು ಊದಿದಾಗ ಪೇಂಟರನಿಗೆ ಮೊದಲು ನಗು ಬಂತು. ಬಿಸಿ ಹಾಲು ಆರಿಸುವವರ ಹಾಗಿತ್ತು. ಮರುಕ್ಷಣ, ಊದಿದ ಕಡೆ ಕಪ್ಪು ತುಪ್ಪಳ ಹೂವಿನಂತೆ ಬಿರಿದು, ಒಳಗಿನ ಬೂದುನೀಲಿ ಬಣ್ಣ, ಅದರ ನಡುವೆ ಕಾಸಿನಗಲ ಚರ್ಮ ಕಂಡಿತು. ನಗು ಅಲ್ಲೇ ನಿಂತಿತು. ಅವನದು ಹದಿನೆಂಟನೆಯ ಮೊಲ.

"ಅದ್ಯಾಕೆ ಊದ್ತಾರೆ ಯಜಮಾನ್ರೇ?" ಎಂದು ಪಕ್ಕದಲ್ಲಿದ್ದ ಮುದುಕನನ್ನು ಕೇಳಿದ. ಅಂಚೆ ಹಂಚಿ ನಿವೃತ್ತನಾಗಿದ್ದ ಆ ಮುದುಕನ ಬಳಿಯಿಂದಲೇ ಪೇಂಟರ್ ತನ್ನ ಮೊಲವನ್ನು ಮರಿಯಾಗಿದ್ದಾಗ ತಂದಿದ್ದ.

"ಮೇಲಿನ ಕಪ್ಪು ಯಾವ ಮೊಲಕ್ಕಾದ್ರೂ ಇರತ್ತೆ ಕಣಯ್ಯ. ತಳಿ ಇರೋದು ಬುಡದಲ್ಲಿ."

ಪೇಂಟರ್ ತನ್ನ ಮೊಲದ ಬುಟ್ಟಿಯನ್ನು ಹತ್ತಿರಕ್ಕೆ ಎಳೆದುಕೊಂಡ. "ಒಂದಷ್ಟು ಬಿಳಿ ಕೂದಲಿದ್ರೆ?"

"ಒಂದು ಅಂಕ ಹೋಗತ್ತೆ. ನನ್ನ ಮೀಸೇಲಿಲ್ವಾ ಬಿಳಿ? ಅದಕ್ಕೇನು ಮನೆಯಿಂದ ಆಚೆ ಹಾಕಿದ್ರಾ?"

"ನಿಯಮದ ಪುಸ್ತಕದಲ್ಲಿ ಬಿಳಿ ಇದ್ರೆ ಹೊರಗೆ ಅಂತಿತ್ತಲ್ಲ!"

"ಬಿಳಿ ಮಚ್ಚೆ ಇದ್ರೆ. ಕೂದಲಿಗೂ ಮಚ್ಚೆಗೂ ವ್ಯತ್ಯಾಸ ಬೇಡ್ವಾ?" ಮುದುಕ ಅವನ ಮುಖ ನೋಡಿದ; ಆಮೇಲೆ ಅವನ ಉಗುರುಸಂದಿಯ ಕಪ್ಪು ನೋಡಿದ. ದನಿ ತಗ್ಗಿತು. "ಏನ್ ಮಾಡ್ಕೊಂಡೆಯೋ?"

ಇಪ್ಪತ್ತೆರಡು ವರ್ಷ ಅಂಗಡಿಗಳ ಹೆಸರು ಬರೆದ ಕೈ ಅದು. ಮೆಷಿನ್ನಿನಲ್ಲಿ ಅಚ್ಚಾದ ಬೋರ್ಡುಗಳು ಬಂದ ಮೇಲೆ ಕುಂಚ ಒಣಗಿತು. ಅಣಬೆ ಬೆಳೆದ, ಬಣ್ಣದ ಮೀನು ಸಾಕಿದ. ಯಾವುದೂ ಕೈ ಹತ್ತಲಿಲ್ಲ. ಕಡೆಗೆ ಮೊಲಗಳಿಗಾಗಿ ಹೆಂಡತಿಯ ಅಣ್ಣ ತನ್ನ ಗೋದಾಮಿನ ಹಿಂದಿನ ಶೆಡ್ಡು ಬಿಟ್ಟುಕೊಟ್ಟಿದ್ದ. ಜೊತೆಗೊಂದು ಮಾತೂ ಹೇಳಿದ್ದ: "ಭಾವ, ಈ ಪ್ರದರ್ಶನ ಒಂದು ಆಗ್ಲಿ. ಅಲ್ಲಿ ಮೊದಲ ಮೂರರಲ್ಲಿ ಬಂದ್ರೆ ಶೆಡ್ಡು ನಿಮ್ದೇ. ಇಲ್ಲಾಂದ್ರೆ ಮೊಲಗಳನ್ನ ಯಾರಿಗಾದ್ರೂ ಕೊಟ್ಟು, ಸೋಮವಾರದಿಂದ ನನ್ನ ಗೇಟಲ್ಲಿ ಕಾವಲಿಗೆ ಕೂತ್ಕೊಳ್ಳಿ." ಕೂರಬೇಕಾದ ಸ್ಟೂಲನ್ನೂ ತೋರಿಸಿದ್ದ.

ಹಾಗಾಗಿ ನಿನ್ನೆ ಸಂಜೆ ಮೊಲದ ಎಡಪಕ್ಕೆಯಲ್ಲಿ ಹನ್ನೊಂದು ಬಿಳಿ ಕೂದಲು ಕಂಡಾಗ ಅವನ ಜೀವ ಬಾಯಿಗೆ ಬಂದಿತ್ತು. ಬೋರ್ಡಿನ ಕಪ್ಪು ಬಣ್ಣವನ್ನು ತೆಳುವಾಗಿ ಕದಡಿ, ಇದ್ದುದರಲ್ಲೇ ಸಣ್ಣ ಕುಂಚ ಹಿಡಿದು, ಉಸಿರು ಬಿಗಿಹಿಡಿದು ಒಂದೊಂದೇ ಕೂದಲಿಗೆ ಹಚ್ಚಿದ್ದ. ಎಷ್ಟೋ ದಿನದ ಮೇಲೂ ಕೈ ನಡುಗಲಿಲ್ಲವಲ್ಲ ಎಂದು ಒಳಗೊಳಗೇ ಹಿಗ್ಗಿದ್ದ. ಬೋರ್ಡಿಗೆ ಇರುವುದು ಮೇಲ್ಮೈಯೊಂದೇ. ಅದನ್ನು ಯಾರೂ ಊದಿ ನೋಡುವುದಿಲ್ಲ.

"ವಾಪಸ್ ತಗೋ," ಎಂದ ಮುದುಕ. "ಮೊಲಕ್ಕೆ ಹೊಟ್ಟೆ ಕೆಟ್ಟಿದೆ ಅನ್ನು. ಬಣ್ಣ ಹಚ್ಚಿ ಸಿಕ್ಕಿಬಿದ್ರೆ ಜನ್ಮದಲ್ಲಿ ಈ ಬಾಗಿಲು ತೆಗೆಯಲ್ಲ ನಿಂಗೆ. ಮುಂದಿನ ವರ್ಷ ಬಂದ್ರಾಯ್ತು."

"ನನಗೆ ಸೋಮವಾರದಾಚೆ ವರ್ಷವೇ ಇಲ್ಲ ಯಜಮಾನ್ರೇ."

ಬುಟ್ಟಿಯೊಳಗೆ ಕೈಯಿಟ್ಟು, ಹೆಬ್ಬೆರಳಿಗೆ ಉಗುಳು ಹಚ್ಚಿ ಪಕ್ಕೆಯನ್ನು ಉಜ್ಜಿದ. ಕೂದಲು ಬಿಡಿಯಾಗುವ ಬದಲು ಇನ್ನಷ್ಟು ಅಂಟಿಕೊಂಡಿತು. ಅಷ್ಟರಲ್ಲಿ ಹೆಂಡತಿ ಎರಡು ಲೋಟ ಟೀ ಹಿಡಿದು ಬಂದಳು.

"ಇದೇನ್ರೀ ಈ ಪಾಟಿ ಬೆವರು! ಮೊಲಕ್ಕಿಲ್ಲದ ಪುಕ್ಕಲು ನಿಮಗೆ," ಎಂದು ನಕ್ಕಳು. ಅವಳು ನಕ್ಕು ತಿಂಗಳುಗಳೇ ಆಗಿದ್ದವು.

"ಹದಿನೆಂಟು!" ಎಂದು ತೀರ್ಪುಗಾರ್ತಿಯ ಪಕ್ಕದ ಗುಮಾಸ್ತ ಕೂಗಿದ.

ತೀರ್ಪುಗಾರ್ತಿ ಹಲ್ಲು ನೋಡಿದಳು, ಉಗುರು ನೋಡಿದಳು, ಭುಜ ಒತ್ತಿ ನೋಡಿದಳು. "ಮೈಕಟ್ಟು ಚೆನ್ನಾಗಿದೆ," ಎಂದಳು, ಗುಮಾಸ್ತ ಬರೆದುಕೊಂಡ. ಬೆನ್ನಿಗೆ ಊದಿದಳು. ತುಪ್ಪಳ ಬಿರಿಯಿತು. ಬಲಪಕ್ಕೆಗೆ ಊದಿದಳು, ಅಲ್ಲೂ ಬಿರಿಯಿತು. ಇನ್ನು ಸಾಕು, ಇನ್ನು ಸಾಕು ಎಂದು ಪೇಂಟರ್ ಮನಸ್ಸಿನಲ್ಲೇ ಅಂಗಲಾಚಿದ. ಅವಳು ಮೊಲವನ್ನು ತಿರುಗಿಸಿದಳು.

ಎಡಪಕ್ಕೆ ಬಿರಿಯಲಿಲ್ಲ. ಇನ್ನೊಮ್ಮೆ ಊದಿದಳು. ಬೇಳೆಕಾಳಿನಷ್ಟು ಕೂದಲು ಒಂದಕ್ಕೊಂದು ಅಂಟಿ, ಮುದ್ದೆಯಾಗಿ ಒಂದೇ ಕಡೆಗೆ ವಾಲಿತು. ಬೆರಳಲ್ಲಿ ತಿಕ್ಕಿ ಮೂಸಿದಳು.

"ಇದನ್ನ ಹಾಗೇ ಬಿಟ್ಟಿದ್ರೆ ಎರಡನೇದಾದ್ರೂ ಬರ್ತಿತ್ತಲ್ರೀ," ಎಂದಳು. ಬೈದಿದ್ದರೆ ವಾಸಿಯಿತ್ತು. "ಯಾರು ಹಚ್ಚಿದ್ದು?"

ಪೇಂಟರ್ ಬಾಯಿ ತೆರೆದ.

"ನಾನು," ಎಂದಳು ಹಿಂದಿನಿಂದ ಹೆಂಡತಿ. ಟೀ ಲೋಟಗಳು ಅವಳ ಕೈಯಲ್ಲೇ ಇದ್ದವು. "ಇವರಿಗೆ ಏನೂ ಗೊತ್ತಿಲ್ಲ."

ತೀರ್ಪುಗಾರ್ತಿ ಅವಳ ಕೈ ನೋಡಿದಳು, ಅವನ ಕೈ ನೋಡಿದಳು. "ಮೊಲ ಯಾರ ಹೆಸರಲ್ಲಿದೆ?"

"ಇವರದ್ದೇ."

"ಹಾಗಾದ್ರೆ ಯಾರು ಹಚ್ಚಿದ್ರೂ ಒಂದೇನಮ್ಮ." ಗುಮಾಸ್ತ ಸ್ಕೇಲು ಇಟ್ಟು, ಅವನ ಹೆಸರಿನ ಮೇಲೆ ನೆಟ್ಟಗೆ ಒಂದು ಗೆರೆ ಎಳೆದ.

ಹೊರಗೆ ಮೆಟ್ಟಿಲ ಮೇಲೆ ಬುಟ್ಟಿಯನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕೂತರು. ಆಮೇಲೆ ಅವಳು ಫೋನ್ ತೆಗೆದಳು.

"ಅಣ್ಣ, ನಾನು. ಸೋಮವಾರ ಇವರು ಎಷ್ಟು ಹೊತ್ತಿಗೆ ಬರ್ಬೇಕು?" ಆ ಕಡೆಯ ಮಾತು ಕೇಳಿಸಿಕೊಂಡಳು. "ಹ್ಞೂಂ. ಊಟ ಕಟ್ಟಿ ಕಳಿಸ್ಲಾ, ಇಲ್ಲಾ ಮಧ್ಯಾಹ್ನ ಮನೆಗೆ ಬಿಡ್ತೀಯಾ?"

ಕೇಳುತ್ತ ಕೇಳುತ್ತಲೇ, ಗೋಡೆಯ ಬುಡದಲ್ಲಿದ್ದ ಒಂದು ಗರಿಕೆ ಕಿತ್ತು ಬುಟ್ಟಿಯ ಸಂದಿಯಲ್ಲಿ ಹಿಡಿದಳು. ಮೊಲ ಅದರ ತುದಿ ಕಚ್ಚಿತು. ಹಸಿರು ಎಸಳು ಅವಳ ಬೆರಳಿನಿಂದ ಚೂರುಚೂರಾಗಿ ಒಳಗೆ ಸರಿಯುತ್ತ ಹೋಯಿತು. ಮುಗಿದ ಮೇಲೂ ಅವಳು ಬೆರಳು ತೆಗೆಯಲಿಲ್ಲ.