ಭಾನುವಾರದ ಮಳೆ

ಹನ್ನೆರಡು ಶಾಲೆಗಳ ಮಳೆ ಪುಸ್ತಕಗಳು ಮೇಜಿನ ಮೇಲೆ ಬಂದು ಬಿದ್ದ ದಿನ ಮಳೆ ಮೇಡಂಗೆ ಪಿತ್ತ ನೆತ್ತಿಗೇರಿತ್ತು. ಪುಸ್ತಕ ತೆರೆಯುವ ಮೊದಲೇ ಏರಿತ್ತು. ತೆರೆದ ಮೇಲೆ ಇಳಿಯುವ ಲಕ್ಷಣವೇನೂ ಕಾಣಲಿಲ್ಲ.

ಹವಾಮಾನ ಕಚೇರಿಯ ಎರಡನೇ ಮಹಡಿಯಲ್ಲಿ, ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಅವಳು ಹದಿನೆಂಟು ವರ್ಷದಿಂದ ಕೂತಿದ್ದಾಳೆ. ಮೋಡ ಹೇಗೆ ಕಟ್ಟುತ್ತದೆ, ಗಾಳಿ ಯಾಕೆ ಬೀಸುತ್ತದೆ, ಭೂಮಿ ವಾಲಿಕೊಂಡೇ ಯಾಕೆ ತಿರುಗುತ್ತದೆ ಎಂದು ಮೇಷ್ಟ್ರುಗಳಿಗೆ ಹೇಳಿಕೊಡುವುದು ಅವಳ ಕೆಲಸ; ಮಳೆ ಮೇಡಂ ಎಂಬ ಹೆಸರು ಬಂದದ್ದೂ ಅದರಿಂದಲೇ. ಅವರು ಅದನ್ನು ಮಕ್ಕಳಿಗೆ ಹೇಳಿಕೊಡಬೇಕು. ಹೇಳಿಕೊಡುತ್ತಾರೋ ಇಲ್ಲವೋ ದೇವರಿಗೇ ಗೊತ್ತು. ತರಬೇತಿಗೆ ಬರುವವರಲ್ಲಿ ಅರ್ಧ ಜನರಿಗೆ ಇಡೀ ವಾತಾವರಣ ವಿಜ್ಞಾನದಲ್ಲಿ ಕಾಡುವ ಪ್ರಶ್ನೆ ಒಂದೇ: ಪ್ರಮಾಣಪತ್ರ ಯಾವಾಗ ಕೊಡ್ತೀರಿ? ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂಬ ಗಾದೆಯನ್ನು ತನ್ನನ್ನು ನೋಡಿಯೇ ಮಾಡಿದ್ದಾರೆಂದು ಅವಳು ಎಷ್ಟೋ ಸಲ ಅಂದುಕೊಂಡಿದ್ದಳು.

ಈ ಸಲದ್ದು ಹೊಸ ಯೋಜನೆ. ಮೂರು ದಿನ ತರಬೇತಿ ಕೊಟ್ಟು, ಹನ್ನೆರಡು ಶಾಲೆಗಳಿಗೆ ಒಂದೊಂದು ಮಳೆಮಾಪಕ ಕಳಿಸಿದ್ದರು. ದಿನಾ ಬೆಳಿಗ್ಗೆ ಎಂಟೂವರೆಗೆ ಅದರ ಬಾಟಲಿಯಲ್ಲಿ ಬಿದ್ದ ನೀರನ್ನು ಅಳತೆಯ ಗಾಜಿಗೆ ಸುರಿದು, ಎಷ್ಟು ಮಿಲಿಮೀಟರ್ ಎಂದು ನೋಡಿ, ಪುಸ್ತಕದಲ್ಲಿ ಆ ದಿನದ ಖಾನೆಗೆ ಬರೆಯಬೇಕು. ಇಷ್ಟೇ. ಆರು ತಿಂಗಳಾದ ಮೇಲೆ ಪುಸ್ತಕಗಳು ವಾಪಸು ಬಂದಿದ್ದವು.

ನಿರ್ದೇಶಕರು ಬಾಗಿಲಲ್ಲೇ ನಿಂತು ಕೇಳಿದರು. ಒಳಗೆ ಬಂದು ಕೂತು ಮಾತಾಡುವ ಅಭ್ಯಾಸ ಅವರಿಗಿಲ್ಲ.

"ಎಲ್ಲಾ ಖಾನೆ ತುಂಬಿವೆ ತಾನೇ?"

"ಹನ್ನೊಂದು ಪುಸ್ತಕದಲ್ಲಿ ತುಂಬಿವೆ ಸರ್. ಒಂದರಲ್ಲಿ ಇಲ್ಲ."

"ಆ ಒಂದನ್ನ ಯೋಜನೆಯಿಂದ ತೆಗೀರಿ, ಮಳೆಮಾಪಕ ವಾಪಸ್ ತರಿಸ್ಕೊಳ್ಳಿ. ಪತ್ರ ಟೈಪ್ ಮಾಡ್ಸಿದೀನಿ, ಶುಕ್ರವಾರದೊಳಗೆ ಸಹಿ ಹಾಕಿ. ಹಾಗೇ ಉತ್ತಮ ಶಾಲೆ ಅಂತ ಒಂದನ್ನ ಆರಿಸಿ. ಚೊಕ್ಕಟವಾಗಿ ಬರ್ದಿರೋದು ನೋಡಿ."

ಚೊಕ್ಕಟವಾಗಿ ಬರೆದದ್ದು ಯಾರೆಂದು ಹುಡುಕಬೇಕಾಗಿರಲಿಲ್ಲ. ಒಂದೇ ಒಂದು ಚಿತ್ತಿಲ್ಲದ, ನೀಲಿ ಶಾಯಿಯಲ್ಲಿ ಮುತ್ತು ಪೋಣಿಸಿದಂಥ ಆ ಅಕ್ಷರ ಅವಳ ಸ್ವಂತ ಅಕ್ಕನದು. ಅಕ್ಕ ಮೂವತ್ತು ವರ್ಷದಿಂದ ಶಾಲೆಯ ಮೇಡಂ. ಇಬ್ಬರದೂ ಒಂದೇ ಮನೆ: ಕೆಳಗೆ ಅಕ್ಕ ಭಾವ, ಮೇಲೆ ಇವಳು.

ಖಾಲಿ ಬಿಟ್ಟವನು ಯಾರೆಂದೂ ಹುಡುಕಬೇಕಾಗಿರಲಿಲ್ಲ. ಅವನು ಕೊಕ್ಕೆ ಮೇಷ್ಟ್ರು. ತರಬೇತಿಯ ಮೂರು ದಿನದಲ್ಲಿ ಆ ಮನುಷ್ಯ ಕೇಳಿದ ಪ್ರಶ್ನೆಗಳಿಗೆ ಲೆಕ್ಕವಿಲ್ಲ. ಬಾಟಲಿಯ ಮೇಲೆ ಹಕ್ಕಿ ಕೂತರೆ? ಇಬ್ಬನಿ ಬಿದ್ದರೆ ಅದು ಮಳೆಯೇ? ಗಾಜಿನ ಗೆರೆಯನ್ನು ನಿಂತು ನೋಡಬೇಕೋ ಬಗ್ಗಿ ನೋಡಬೇಕೋ? ಅವಳು ಒಂದು ಮಾತು ಆಡಿದರೆ ಅವನದೊಂದು ಕೊಕ್ಕೆ. ಕೊನೆಯ ದಿನ, ಎಲ್ಲರೂ ಚೀಲ ಹೆಗಲಿಗೇರಿಸಿದ ಹೊತ್ತಿನಲ್ಲೂ ಕೈ ಎತ್ತಿ ಏನೋ ಕೇಳಿದ್ದ. ಬಸ್ಸಿನ ಹೊತ್ತಾಗಿತ್ತು. "ಅದನ್ನ ಆಮೇಲೆ ನೋಡೋಣ ಮೇಷ್ಟ್ರೇ" ಎಂದು ಹೇಳಿ ಅವಳು ದೀಪ ಆರಿಸಿಬಿಟ್ಟಿದ್ದಳು. ಈಗ ಅವನ ಪುಸ್ತಕದ ತೂತುಗಳನ್ನು ನೋಡಿ, ಬಾಯಿಗೆ ಇದ್ದ ಉತ್ಸಾಹ ಕೈಗಿಲ್ಲ ನೋಡು ಎಂದು ಗೊಣಗಿಕೊಂಡಳು.

ವರದಿಗೆಂದು ನಕ್ಷೆ ಬರೆಯಲು ಕೂತಾಗ ಅವಳ ಕೈ ನಿಂತಿತು. ಹನ್ನೊಂದು ಶಾಲೆಗಳ ಮಳೆಯೂ ಆರು ದಿನ ಬಂದು ಏಳನೇ ದಿನ ನಿಲ್ಲುತ್ತಿತ್ತು. ಪ್ರತಿ ವಾರವೂ. ಭಾನುವಾರ ಸೊನ್ನೆ, ಸೋಮವಾರ ಎರಡರಷ್ಟು. ಇಪ್ಪತ್ತಾರು ಭಾನುವಾರಗಳಲ್ಲಿ ಎಲ್ಲೂ ಒಂದು ಹನಿ ಬಿದ್ದಿರಲಿಲ್ಲ. ಮಳೆರಾಯನೂ ವಾರದ ರಜೆ ಹಾಕುತ್ತಿದ್ದಾನೆ ಎಂದು ಮೊದಲು ನಗು ಬಂತು. ಆಮೇಲೆ ಅವಳಿಗೆ ಒಂದು ಭಾನುವಾರ ನೆನಪಾಯಿತು. ಅವತ್ತು ಬೆಳಿಗ್ಗೆ ಏಳಕ್ಕೇ ಮಳೆ ಜಡಿದು, ತಾರಸಿಯ ಮೇಲೆ ಒಣಗಲು ಹಾಕಿದ್ದ ಬಟ್ಟೆ ಎಳೆದುಕೊಳ್ಳಲು ಅವಳೂ ಅಕ್ಕನೂ ಎದ್ದೆವೋ ಬಿದ್ದೆವೋ ಎಂದು ಓಡಿದ್ದರು. ಅಕ್ಕನ ಪುಸ್ತಕ ತೆಗೆದು ಆ ತಾರೀಖು ನೋಡಿದಳು. ಮೊಟ್ಟೆಯಷ್ಟು ದುಂಡಗೆ ಒಂದು ಸೊನ್ನೆ ಕೂತಿತ್ತು.

ಸಂಜೆ ಚೀಲವನ್ನೂ ಇಳಿಸದೆ ಕೆಳಮನೆಗೆ ನುಗ್ಗಿದಳು. ಅಕ್ಕ ಊಟದ ಮೇಜಿನ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದಳು. ಬಸ್ ಓಡಿಸಿ ನಿವೃತ್ತನಾದ ಭಾವ ಮೂಲೆಯಲ್ಲಿ ರೇಡಿಯೋ ಬಿಚ್ಚಿ ಕೂತಿದ್ದ.

"ಅಕ್ಕ, ಒಂದು ಭಾನುವಾರ ಬಟ್ಟೆ ಎಲ್ಲಾ ನೆಂದು ತೊಪ್ಪೆ ಆಯ್ತಲ್ಲ, ನೆನಪಿದ್ಯಾ?"

"ಇಲ್ದೆ ಏನು. ನನ್ನ ಹೊಸ ಹೊದಿಕೆ ಬಣ್ಣ ಬಿಟ್ಟು ನಿನ್ನ ಬಿಳೀ ಬಟ್ಟೆಗೆಲ್ಲ ಮೆತ್ಕೊಂಡಿತ್ತು."

"ಅವತ್ತೇ ನನ್ನ ಒಂದು ಚಪ್ಪಲಿ ತೇಲ್ಕೊಂಡು ಹೋಗಿದ್ದು" ಎಂದ ಭಾವ.

"ನಿನ್ನ ಪುಸ್ತಕದಲ್ಲಿ ಅವತ್ತು ಸೊನ್ನೆ ಇದೆ ಅಕ್ಕ."

ಅಕ್ಕನ ಪೆನ್ನು ನಿಂತಿತು. "ಭಾನುವಾರ ಶಾಲೆಗೆ ಯಾರೇ ಹೋಗ್ತಾರೆ?"

"ಹೋಗ್ಲಿಲ್ಲ ಅಂದ್ಮೇಲೆ ಸೊನ್ನೆ ಯಾಕೆ ಬರ್ದೆ?"

"ಮತ್ತೆ ಖಾಲಿ ಬಿಡ್ಲಾ?" ಕೂಸನ್ನು ಬೀದಿಯಲ್ಲಿ ಬಿಟ್ಟು ಬರಲಾ ಎಂದು ಕೇಳುವ ದನಿಯಿತ್ತು ಅದರಲ್ಲಿ.

ಮಳೆ ಮೇಡಂಗೆ ಮೈ ಪರಚಿಕೊಳ್ಳುವಂತಾಯಿತು. "ಸೊನ್ನೆ ಅಂದ್ರೆ ಹೋಗಿ ನೋಡ್ದೆ, ಮಳೆ ಇರ್ಲಿಲ್ಲ ಅಂತ. ಖಾಲಿ ಅಂದ್ರೆ ನೋಡೇ ಇಲ್ಲ ಅಂತ. ಎರಡೂ ಒಂದೇನಾ? ನೀನೇ ಹೀಗೆ ಮಾಡಿದ್ರೆ ಇನ್ನೊಬ್ಬರಿಗೆ ನಾನು ಏನು ಹೇಳ್ಲಿ?"

"ನಿಮ್ಮ ಆಫೀಸಲ್ಲಿ ಬೇರೆ ಬೇರೆ ಇರ್ಬಹುದು. ನಮ್ಮಲ್ಲಿ ಖಾಲಿ ಅಂದ್ರೆ ಮೇಡಂ ಸೋಮಾರಿ ಅಂತ. ತಪಾಸಣೆಗೆ ಬರೋರು ತಪ್ಪು ನೋಡಲ್ಲ ಕಣೇ, ಖಾಲಿ ನೋಡ್ತಾರೆ. ಹಾಜರಿ ಪುಸ್ತಕದಲ್ಲಿ ಒಂದೇ ಒಂದು ಖಾನೆ ಬಿಟ್ಟಿದ್ದಕ್ಕೆ ಮಕ್ಕಳ ಮುಂದೆ ನಿಂತು ಬೈಸ್ಕೊಂಡಿದೀನಿ ನಾನು. ಅವತ್ತಿಂದ ಇವತ್ತಿನವರೆಗೆ ಯಾವ ಪುಸ್ತಕದಲ್ಲೂ ಖಾಲಿ ಬಿಟ್ಟೋಳಲ್ಲ." ಅಕ್ಕ ಕನ್ನಡಕ ತೆಗೆದಿಟ್ಟಳು. "ಅದಿರ್ಲಿ ಪುಟ್ಟೀ, ನಿನ್ನನ್ನ ಪರೀಕ್ಷೆಗೆ ಕಳಿಸೋವಾಗ ಬಾಗಿಲಲ್ಲಿ ನಿಂತು ಏನು ಹೇಳ್ತಿದ್ದೆ?"

ಅಮ್ಮ ಹಾಸಿಗೆ ಹಿಡಿದಿದ್ದ ವರ್ಷಗಳಲ್ಲಿ ಜಡೆ ಹೆಣೆದು, ಪೆನ್ನಿಗೆ ಶಾಯಿ ತುಂಬಿಸಿ, ಅಕ್ಕ ಹೇಳುತ್ತಿದ್ದ ಮಾತು ಅವಳಿಗೆ ನಿನ್ನೆ ಕೇಳಿದಷ್ಟು ಚೆನ್ನಾಗಿ ನೆನಪಿತ್ತು. ಗೊತ್ತಿಲ್ದಿದ್ರೂ ಖಾಲಿ ಬಿಡ್ಬೇಡ, ಏನಾದ್ರೂ ಬರಿ.

"ಹಾಗೆ ಏನಾದ್ರೂ ಬರ್ದೂ ಬರ್ದೂನೇ ನೀನು ಆಫೀಸರ್ ಆಗಿದ್ದು. ಈಗ ಬಂದು ಸುಳ್ಳು ಬರ್ದೆ ಅಂತೀಯಾ ನನ್ನ?"

"ಸುಳ್ಳು ಅಂತ ನಾನು ಅನ್ನಲಿಲ್ಲ."

"ಅನ್ನದೇ ಉಳಿಸಿದ್ದೂ ಏನೂ ಇಲ್ಲ. ಹೋಗು ಮೇಲೆ."

ಮರುದಿನ ಬೆಳಿಗ್ಗೆ ಅವಳು ಕೊಕ್ಕೆ ಮೇಷ್ಟ್ರ ಪುಸ್ತಕ ತೆರೆದದ್ದು, ಪತ್ರಕ್ಕೆ ಸಹಿ ಹಾಕುವ ಮುಂಚೆ ಖಾಲಿ ಖಾನೆ ಎಷ್ಟಿವೆ ಎಂದು ಎಣಿಸುವುದಕ್ಕೆ. ಇಪ್ಪತ್ತೆಂಟಿದ್ದವು. ಪ್ರತಿಯೊಂದರ ಪಕ್ಕದಲ್ಲೂ, ಷರಾ ಎಂದಿರುವ ಕಡೆ, ಇರುವೆಯಂಥ ಅಕ್ಷರದಲ್ಲಿ ಏನೋ ಬರೆದಿತ್ತು. ಅದನ್ನು ಓದುವ ತಾಳ್ಮೆ ನಿನ್ನೆ ಅವಳಿಗಿರಲಿಲ್ಲ.

ಒಂದು ಕಡೆ: 'ಬಾಟಲಿಯಲ್ಲಿ ಕಪ್ಪೆ ಕೂತಿತ್ತು. ನೀರು ಅದು ತಂದದ್ದೋ ಮಳೆಯದೋ ತಿಳಿಯಲಿಲ್ಲ. ಆದ್ದರಿಂದ ಬರೆದಿಲ್ಲ.' ಇನ್ನೊಂದು ಕಡೆ: 'ನನಗೆ ಜ್ವರ. ನೋಡಿಲ್ಲ.' ಉಳಿದ ಇಪ್ಪತ್ತಾರೂ ಭಾನುವಾರಗಳು. ಮೊದಲನೆಯದರ ಎದುರು ಹೀಗಿತ್ತು: 'ಶಾಲೆಗೆ ಬೀಗ. ನೋಡಿಲ್ಲ. ಭಾನುವಾರ ಏನು ಮಾಡಬೇಕೆಂದು ತರಬೇತಿಯ ಕೊನೆಯ ದಿನ ಕೇಳಿದ್ದೆ. ಆಮೇಲೆ ನೋಡೋಣ ಎಂದಿರಿ. ಕಾಯುತ್ತಿದ್ದೇನೆ.'

ಎರಡನೆಯದರ ಎದುರು: 'ನೋಡಿಲ್ಲ. ಕಾಯುತ್ತಿದ್ದೇನೆ.' ಮೂರನೆಯದಕ್ಕೂ ಅದೇ. ಹತ್ತನೆಯದಕ್ಕೂ ಅದೇ. ಇಪ್ಪತ್ತಾರನೆಯದಕ್ಕೆ ಬರುವಷ್ಟರಲ್ಲಿ 'ನೋಡಿಲ್ಲ'ವೂ ಸವೆದು 'ಕಾಯುತ್ತಿದ್ದೇನೆ' ಎಂಬುದೊಂದೇ ಉಳಿದಿತ್ತು.

ಅವಳು ತಾನೇ ಬರೆದ ಅರವತ್ತನಾಲ್ಕು ಪುಟದ ಕೈಪಿಡಿಯನ್ನು ತೆಗೆದು ಮೊದಲಿನಿಂದ ಕೊನೆಯವರೆಗೆ ತಿರುವಿ ಹಾಕಿದಳು. ಮೋಡಗಳಿಗೆ ನಾಲ್ಕು ಪುಟವಿತ್ತು. ಹಿರಿಯ ಅಧಿಕಾರಿಗಳಿಗೆ ಕೃತಜ್ಞತೆ ಹೇಳಲು ಒಂದೂವರೆ ಪುಟವಿತ್ತು. ಭಾನುವಾರಕ್ಕೆ ಒಂದು ಸಾಲೂ ಇರಲಿಲ್ಲ. ಹನ್ನೊಂದು ಜನರನ್ನು, ಅದರಲ್ಲೂ ಅಕ್ಕನನ್ನು, ಬೈದದ್ದೆಲ್ಲ ತಿರುಗಿ ಬಂದು ಅವಳ ಮುಖಕ್ಕೇ ರಾಚಿತು. ಅವಳಿಗೆ ನಾಚಿಕೆಯಾಯಿತು. ನಾಚಿಕೆಯ ಜೊತೆಗೆ ಕೊಕ್ಕೆ ಮೇಷ್ಟ್ರ ಮೇಲೆ ಸಿಟ್ಟೂ ಬಂತು: ಪುಣ್ಯಾತ್ಮ, ಒಂದು ಫೋನ್ ಮಾಡಿ ಕೇಳಿದ್ದರೆ ಗಂಟೇನು ಹೋಗುತ್ತಿತ್ತು!

ಶುಕ್ರವಾರ ಅವಳು ಸಹಿಯಿಲ್ಲದ ಪತ್ರವನ್ನು ನಿರ್ದೇಶಕರ ಮೇಜಿನ ಮೇಲಿಟ್ಟಳು.

"ಸರ್, ತುಂಬಿರೋ ಹನ್ನೊಂದೂ ತಪ್ಪು. ಖಾಲಿ ಬಿಟ್ಟಿರೋದೊಂದೇ ಸರಿ."

ಅವರು ಅವಳನ್ನು ನೋಡಿದರು, ಪತ್ರವನ್ನು ನೋಡಿದರು. "ಇದನ್ನ ವರದೀಲಿ ಬರೆಯೋಕಾಗತ್ತೇನ್ರೀ? ತಪ್ಪು ಯಾರದು ಅಂತ ಮೇಲಿನೋರು ಕೇಳ್ತಾರೆ."

"ನಂದು ಅಂತ ಬರೀರಿ. ಅವರು ಕೇಳಿದ್ರು, ನಾನು ಹೇಳ್ಕೊಡ್ಲಿಲ್ಲ."

"ಪತ್ರದಲ್ಲಿ ಉತ್ತಮ ಶಾಲೆ ಅನ್ನೋ ಖಾನೇನೂ ಖಾಲಿ ಬಿಟ್ಟಿದೀರಲ್ಲ?"

"ಹೌದು ಸರ್. ಇನ್ನೂ ಗೊತ್ತಿಲ್ಲ ಅಂತ ಅರ್ಥ."

ನಿರ್ದೇಶಕರು ಎರಡು ಕೈಯಲ್ಲೂ ತಲೆ ಹಿಡಿದುಕೊಂಡರು. ಕೊನೆಗೆ, ಇನ್ನೊಂದು ದಿನ ತರಬೇತಿ ಕೊಡಿ, ಮುಂದಿನ ಆರು ತಿಂಗಳೂ ಹೀಗೇ ಆದರೆ ಹನ್ನೆರಡು ಮಳೆಮಾಪಕವನ್ನೂ ಕಿತ್ತು ತರಿಸುತ್ತೇನೆ ಎಂದರು. ಕೆಲಸದ ದಿನ ಬಿಟ್ಟುಕೊಡುವ ಹಾಗಿಲ್ಲ, ಬೇಕಾದರೆ ಭಾನುವಾರ ಮಾಡಿಕೊಳ್ಳಿ ಎಂದರು.

ಅಕ್ಕ ಒಂಬತ್ತು ದಿನದಿಂದ ಮಾತು ಬಿಟ್ಟಿದ್ದಳು. ತರಬೇತಿಯ ಪತ್ರವನ್ನೂ ಅಕ್ಕನ ಮಳೆ ಪುಸ್ತಕವನ್ನೂ ಕೊಡಲು ಹೋದರೆ ಭಾವ ಬಾಗಿಲಲ್ಲೇ ತೆಗೆದುಕೊಂಡು, "ಕೊಡ್ತೀನಮ್ಮ, ಆದ್ರೆ ಬರ್ತಾಳೆ ಅಂತ ನಾನು ಹೇಳಲಾರೆ" ಎಂದ. ಅವಳು ಎರಡು ಸಲ ಮೆಟ್ಟಿಲಿಳಿದು ಬಂದು, ಬಾಗಿಲು ತಟ್ಟದೆ ಹಾಗೇ ಹತ್ತಿ ಹೋದಳು. ಯೋಜನೆ ಹಾಳಾಗಿ ಹೋಗಲಿ, ಅಕ್ಕ ಒಂದು ಸಲ ಗದರಿಸಿದರೆ ಸಾಕು ಎನಿಸುತ್ತಿತ್ತು ಅವಳಿಗೆ.

ಭಾನುವಾರ ಹತ್ತು ಗಂಟೆಗೆ ತರಬೇತಿಯ ಕೋಣೆಯಲ್ಲಿ ಹನ್ನೊಂದು ಜನ ಮುಖ ಊದಿಸಿಕೊಂಡು ಕೂತಿದ್ದರು. ರಜೆಯ ದಿನವೂ ಇವರ ಕಾಟ ತಪ್ಪಲಿಲ್ಲವಲ್ಲ ಎಂದು ಹಿಂದಿನ ಬೆಂಚಿನಿಂದ ಕೇಳುವಷ್ಟು ಜೋರಾಗಿಯೇ ಯಾರೋ ಗೊಣಗಿದರು. ಅವರಲ್ಲಿ ಕೊಕ್ಕೆ ಮೇಷ್ಟ್ರು ಮಾತ್ರ ಮುಂದಿನ ಸಾಲಿನಲ್ಲಿ ಪೆನ್ನು ಹಿಡಿದು ಸಿದ್ಧನಾಗಿದ್ದ. ಅವನ ಪಕ್ಕದ ಕುರ್ಚಿ ಖಾಲಿಯಿತ್ತು.

ಅವಳು ಹಲಗೆಯ ಮೇಲೆ ದೊಡ್ಡದಾಗಿ ಬರೆದಳು: ಭಾನುವಾರ ಏನು ಮಾಡಬೇಕು?

"ಇದನ್ನ ಆರು ತಿಂಗಳ ಹಿಂದೆ ಈ ಮೇಷ್ಟ್ರು ಕೇಳಿದ್ರು. ನನಗೆ ಬಸ್ ತಪ್ಪತ್ತೆ ಅಂತ ನಾನು ಉತ್ತರ ಹೇಳ್ಲಿಲ್ಲ. ನೀವೆಲ್ಲ ಸೊನ್ನೆ ಬರ್ದಿದ್ದು ನನ್ನ ತಪ್ಪು. ನೋಡದೇ ಇದ್ರೆ ಖಾಲಿ ಬಿಡಿ, ನೋಡಿಲ್ಲ ಅಂತ ಪಕ್ಕದಲ್ಲಿ ಬರೀರಿ. ಸೋಮವಾರ ಅಳೆದದ್ದಕ್ಕೆ ಎರಡು ದಿನದ್ದು ಅಂತ ಸೇರಿಸಿ. ಖಾಲಿ ಬಿಟ್ರೆ ಇಲ್ಲಿ ಯಾರೂ ಬೈಯಲ್ಲ."

ಕೊಕ್ಕೆ ಮೇಷ್ಟ್ರು ನಿಧಾನವಾಗಿ, ಒಂದೂ ಅಕ್ಷರ ಬಿಡದೆ ಬರೆದುಕೊಂಡ. ಆಮೇಲೆ ಕೈ ಎತ್ತಿದ. ಹಿಂದಿನ ಬೆಂಚು ನಿಟ್ಟುಸಿರಿಟ್ಟಿತು.

"ಕೇಳಿ ಮೇಷ್ಟ್ರೇ" ಎಂದಳು ಅವಳು. ಈ ಸಲ ಗಡಿಯಾರ ನೋಡಲಿಲ್ಲ.

"ಇವತ್ತೂ ಭಾನುವಾರ ಮೇಡಂ. ಎಲ್ರೂ ಇಲ್ಲೇ ಇದೀವಿ. ಇವತ್ತಿನ ಮಳೆ ಯಾರಾದ್ರೂ ನೋಡ್ಕೊಂಡು ಬಂದಿದಾರಾ?"

ಅಷ್ಟರಲ್ಲಿ ಬಾಗಿಲು ತಳ್ಳಿಕೊಂಡು ಅಕ್ಕ ಬಂದಳು. ಏದುಸಿರು ಬಿಡುತ್ತಿದ್ದಳು, ಸೆರಗಿಗೆ ಗೇಟಿನ ತುಕ್ಕು ಹತ್ತಿತ್ತು, ಕೈಯಲ್ಲಿ ಶಾಲೆಯ ಬೀಗದ ಕೈ ಗೊಂಚಲು ಇತ್ತು. ಯಾರ ಮುಖವನ್ನೂ ನೋಡದೆ ನೇರವಾಗಿ ಬಂದು, ಪುಸ್ತಕವನ್ನು ತಂಗಿಯ ಮುಂದೆ ದೊಪ್ಪನೆ ಹಾಕಿದಳು. ಇಪ್ಪತ್ತಾರು ಸೊನ್ನೆಗಳ ಮೇಲೂ ಸ್ಕೇಲು ಇಟ್ಟು ಎಳೆದ ಒಂದೊಂದು ಕೆಂಪು ಗೆರೆಯಿತ್ತು. ಪ್ರತಿಯೊಂದರ ಪಕ್ಕದಲ್ಲೂ 'ನೋಡಿಲ್ಲ' ಎಂದಿತ್ತು. ಮೂವತ್ತು ವರ್ಷದಲ್ಲಿ ಅಕ್ಕನ ಪುಸ್ತಕದಲ್ಲಿ ಬಿದ್ದ ಮೊದಲ ಚಿತ್ತುಗಳು ಅವು.

"ಬೀಗದ ಕೈ ಕೊಡೋಕೆ ಕಾವಲುಗಾರನಿಗೆ ಅರ್ಧ ಗಂಟೆ ಬೇಕಾಯ್ತು" ಎಂದಳು ಅಕ್ಕ. "ಎಂಟೂವರೆಗೇ ಹೋಗಿದ್ದೆ, ನೋಡಿದಾಗ ಒಂಬತ್ತು. ಅದನ್ನೂ ಬರ್ದಿದೀನಿ."

"ಎಷ್ಟಿತ್ತಕ್ಕ?"

"ಸೊನ್ನೆ." ಅಕ್ಕ ಕುರ್ಚಿ ಎಳೆದುಕೊಂಡು ಕೂತು, ಅವತ್ತು ಮೊದಲ ಬಾರಿಗೆ ಅವಳ ಮುಖ ನೋಡಿದಳು. "ಆದ್ರೆ ನೋಡಿ ಬರೆದ ಸೊನ್ನೆ ಕಣೇ."

ಮಳೆ ಮೇಡಂ ಹಲಗೆಯ ಕಡೆ ತಿರುಗಿದಳು. ಕಣ್ಣು ತುಂಬಿದ್ದು ಹನ್ನೆರಡು ಜನಕ್ಕೆ ಕಾಣದಿರಲಿ ಎಂದು ಬೆನ್ನು ತಿರುಗಿಸಿಯೇ ಅಕ್ಕನ ಶಾಲೆಯ ಹೆಸರು ಹಾಕಿ, ಅದರ ಎದುರು ಒಂದು ಸೊನ್ನೆ ಬರೆದಳು. ಅಕ್ಕ ಬರೆಯುವಷ್ಟು ದುಂಡಗೆ ಅದು ಬರಲಿಲ್ಲ.