ಎರಡು-ನಾಲ್ಕರ ಹಸಿರು ಬಳೆ

ಕಾಡಿನ ಚೆಕ್‌ಪೋಸ್ಟಿನಲ್ಲಿ ಬಸ್ಸು ಹತ್ತಿದ ಗಾರ್ಡು ಪ್ಲಾಸ್ಟಿಕ್ ಬಾಟಲಿ ಹುಡುಕುತ್ತ ಎಲ್ಲರ ಚೀಲಕ್ಕೂ ಕೈ ಹಾಕುತ್ತಿದ್ದ. ಚಿಕ್ಕಣ್ಣನ ಚೀಲದಿಂದ ಅಚ್ಚುಬೆಲ್ಲದ ಪೊಟ್ಟಣಗಳನ್ನು ಎತ್ತಿ ಸೀಟಿನ ಮೇಲಿಟ್ಟ. ಅದರಡಿಯಲ್ಲಿ ಅಕ್ಕಿಯ ಗಂಟು, ತೆಂಗಿನಕಾಯಿ, ಅರಿಶಿನದ ಕೊಂಬು, ಹಳದಿ ರವಿಕೆ ಕಣ, ಕಾಗದದಲ್ಲಿ ಸುತ್ತಿದ ಒಂದು ಡಜನ್ ಹಸಿರು ಬಳೆ.

"ಏನ್ ಯಜಮಾನ್ರೇ, ಯಾರಿಗೋ ಮಡ್ಲಕ್ಕಿ ತಗೊಂಡ್ ಹೋಗ್ತಿರೋ ಹಂಗದೆ?"

"ನಂದಲ್ಲ ಸ್ವಾಮಿ. ಪಕ್ಕದೂರಿನೋರು ಕೊಟ್ ಕಳ್ಸವ್ರೆ," ಎಂದ ಚಿಕ್ಕಣ್ಣ. ಅವನ ಕಿವಿ ಕೆಂಪಾಗಿದ್ದು ಕಿಟಕಿ ಪಕ್ಕ ಕೂತಿದ್ದ ಹೆಂಡತಿಗೆ ಕಾಣಿಸಿತು.

ಗಾರ್ಡು ಮುಂದಕ್ಕೆ ಹೋದ ಮೇಲೆ ಚಲುವಮ್ಮ ಒಂದು ಬಳೆ ತೆಗೆದು ಕೈಗೆ ಹಾಕಿ ನೋಡಿದಳು. ಬೆರಳ ಗೆಣ್ಣು ದಾಟಲಿಲ್ಲ. ಅವಳದು ಎರಡು-ಎಂಟರ ಅಳತೆ, ಇದು ಎರಡು-ನಾಲ್ಕು. ಸಣ್ಣ ಕೈಯ ಹೆಂಗಸು. ಗಂಟನ್ನು ಇನ್ನೊಮ್ಮೆ ತಡಕಿದಳು. ಅರಿಶಿನವಿದೆ, ಕುಂಕುಮವಿಲ್ಲ. ಹಸಿರು ಬಳೆ ತೊಡುವವಳು, ಆದರೆ ಕುಂಕುಮ ಇಡದವಳು. ಇಂಥವಳು ಯಾರಿರಬಹುದು? ಅವಳು ಕೇಳಲಿಲ್ಲ. ಕೇಳಿದರೆ ಇನ್ನೊಂದು ಸುಳ್ಳು ಹುಟ್ಟುತ್ತದೆ ಅಷ್ಟೆ.

ಮದ್ದೂರು ಸೀಮೆಯಲ್ಲಿ ಚಿಕ್ಕಣ್ಣನದೊಂದು ಆಲೆಮನೆ. ಬೆಲ್ಲಕ್ಕೆ ಮದ್ದೂರಿನಲ್ಲೂ ಮಂಡ್ಯದಲ್ಲೂ ಗಿರಾಕಿಗಳಿಗೆ ಬರವಿಲ್ಲ. ಆದರೂ ಹದಿನಾಲ್ಕು ವರ್ಷದಿಂದ ಪ್ರತಿ ಕಾರ್ತಿಕದಲ್ಲಿ ಹತ್ತು ಕೆಜಿ ಬೆಲ್ಲ ಹೊತ್ತು, ಬಂಡೀಪುರದ ಕಾಡು ದಾಟಿ, ಬಿಳಿಕಲ್ಲು ಎಂಬ ಬೆಟ್ಟದ ಊರಿಗೆ ಹೋಗಿ ಬರುತ್ತಿದ್ದ. ಕೇಳಿದರೆ, "ಅಲ್ಲೊಬ್ಬ ಹಳೇ ಪಾರ್ಟಿ ಅವ್ನೆ ಕಣಮ್ಮಿ" ಎನ್ನುತ್ತಿದ್ದ. ಹತ್ತು ಕೆಜಿಗೆ ಯಾವ ಪಾರ್ಟಿ ಎಂದು ಚಲುವಮ್ಮ ಕೇಳಿರಲಿಲ್ಲ. ಹೋದ ವರ್ಷ ಅವನು ಉಣ್ಣೆ ಟೋಪಿ ಹಾಕಿಕೊಂಡು ಬಂದ. ಅಂಗಡಿಯದು ಎಂದ. ಅಂಗಡಿಯವರು ಯಾವ ಗಿರಾಕಿಗೂ ತಲೆಯ ಅಳತೆಗೆ ಸರಿಯಾಗಿ, ಒಳಗೆ ಮೆತ್ತನೆ ಬಟ್ಟೆ ಕೊಟ್ಟು ಹೆಣೆಯುವುದಿಲ್ಲ. ಆ ಟೋಪಿ ವರ್ಷವಿಡೀ ಅವಳ ನಿದ್ದೆ ಕೆಡಿಸಿತು. ಈ ಸಲ ಅವನು ಚೀಲ ತೆಗೆದ ಕೂಡಲೇ, "ನಾನೂ ಬತ್ತೀನಿ, ಬೆಟ್ಟ ನೋಡ್ಬೇಕು" ಎಂದು ಹಟ ಹಿಡಿದಳು. ಮೂವತ್ತೇಳು ವರ್ಷದ ಸಂಸಾರದಲ್ಲಿ ಅವಳು ಬೆಟ್ಟ ನೋಡಬೇಕು ಅಂದದ್ದು ಅದೇ ಮೊದಲು.

ಬಿಳಿಕಲ್ಲು ಬ್ರಿಟಿಷರು ಕಟ್ಟಿಸಿ ಬಿಟ್ಟುಹೋದ ಊರು. ಕಲ್ಲಿನ ಚರ್ಚು, ನಿಂತುಹೋದ ಗಡಿಯಾರ, ಪಾಚಿ ಹಿಡಿದ ದೊರೆಗಳ ಗೋರಿಗಳು. ಗೋರಿಗಳ ನಡುವೆ ಎರಡು ಕಾಡುಕೋಣಗಳು ಯಾರ ಹಂಗೂ ಇಲ್ಲದೆ ಮೇಯುತ್ತಿದ್ದವು. ಮಧ್ಯಾಹ್ನ ಹನ್ನೆರಡಕ್ಕೂ ರಸ್ತೆಯಲ್ಲಿ ಜನವಿಲ್ಲ. ಇಷ್ಟು ಸದ್ದಿಲ್ಲದ ಊರನ್ನು ಗಂಡಸು ಸುಮ್ಮನೆ ಹುಡುಕಿಕೊಳ್ಳುವುದಿಲ್ಲ ಎಂದುಕೊಂಡಳು ಚಲುವಮ್ಮ.

"ನೀನ್ ಲಾಡ್ಜಲ್ಲಿ ಮಲ್ಗಿರು. ಬೆಲ್ಲ ಕೊಟ್ಟು ಬಿರ್ನೆ ಬಂದ್ಬುಡ್ತೀನಿ," ಎಂದ ಚಿಕ್ಕಣ್ಣ.

"ಓಗ್ಬನ್ನಿ, ನಂಗೂ ಮಂಡಿ ನೋವು," ಎಂದಳು. ಅವನು ತಿರುವು ದಾಟಿದ್ದೇ ತಡ, ಆ ಮಂಡಿಗಳನ್ನೇ ಎತ್ತಿಹಾಕುತ್ತ ಹಿಂದೆ ಹೊರಟಳು.

ಅವನು ಬಜಾರಿನ ಕಡೆ ತಿರುಗಿಯೂ ನೋಡಲಿಲ್ಲ. ಚರ್ಚಿನ ಹಿಂದಿನ ಮೆಟ್ಟಿಲಿಳಿದು, ನೀಲಿ ಬಾಗಿಲಿನ ಒಂದು ಮನೆಯ ಮುಂದೆ ನಿಂತ. ತಟ್ಟುವ ಮೊದಲೇ ಬಾಗಿಲು ತೆರೆಯಿತು. ಬರುವ ಹೊತ್ತನ್ನು ಯಾರೋ ಕಾದಿದ್ದರು. ಚಲುವಮ್ಮನಿಗೆ ಮೆಟ್ಟಿಲ ಮೇಲೆ ಕೂತು ಅತ್ತುಬಿಡೋಣ ಅನ್ನಿಸಿತು. ಆದರೆ ಅಷ್ಟು ದೂರ ಬಂದದ್ದು ಅಳುವುದಕ್ಕಲ್ಲ. ಹೋಗಿ ಬಾಗಿಲು ಬಡಿದಳು.

ತೆರೆದವಳು ಹದಿನೆಂಟರ ಹುಡುಗಿ. ತಲೆ ಮೇಲೆ ದುಪಟ್ಟ. ಗಲ್ಲದ ಮಧ್ಯೆ ಸೀಳಿದಂಥ ಗುಳಿ. ಅದು ಚಿಕ್ಕಣ್ಣನ ಗಲ್ಲ. ಅವನ ಅವ್ವನಿಗೂ ಅದೇ ಇತ್ತು. ಮಗಳೇ ಇಷ್ಟು ದೊಡ್ಡವಳಾಗಿದ್ದಾಳಲ್ಲ ಎಂದು ಚಲುವಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು.

"ನಿಮ್ಮಪ್ಪ ಒಳಗವ್ನಲ್ಲ, ಕರಿ ಅವ್ನ."

"ನಮ್ಮ ಅಬ್ಬಾ ಗ್ಯಾರೇಜಲ್ಲವ್ರೆ," ಎಂದಳು ಹುಡುಗಿ ಗಾಬರಿಯಿಂದ. "ಒಳಗಿರೋದು ನಮ್ಮ ಮಾಮು, ಅಮ್ಮೀಜಾನ್‌ನ ಅಣ್ಣ."

"ಯಾರು ಶಬ್ರೀನ್?" ಎನ್ನುತ್ತ ಹಿಂದಿನಿಂದ ಬಂದ ಹೆಂಗಸು ಅಲ್ಲೇ ನಿಂತುಬಿಟ್ಟಳು. ಹೆಣಿಗೆಯ ಕಡ್ಡಿ ಕೈಯಿಂದ ಜಾರಿ ಬಿತ್ತು. ಸಣ್ಣ ಕೈ.

ನಯನ, ಚಿಕ್ಕಣ್ಣನ ತಂಗಿ.

ಚಲುವಮ್ಮ ಮದುವೆಯಾಗಿ ಬಂದಾಗ ಈ ನಾದಿನಿಗೆ ಏಳು ವರ್ಷ. ತಲೆ ಬಾಚಿ, ಜಡೆ ಹಾಕಿ, ತುತ್ತಿಟ್ಟು ಬೆಳೆಸಿದ್ದಳು. ಆಮೇಲೆ ಆಲೆಮನೆಯ ಮೋಟಾರು ರಿಪೇರಿಗೆ ಬರುತ್ತಿದ್ದ ಅಶ್ಫಾಕ್‌ನ ಜೊತೆ ನಯನ ಒಂದು ಬೆಳಗ್ಗೆ, ಅತ್ತಿಗೆಗೂ ಒಂದು ಮಾತು ಹೇಳದೆ, ಹೊರಟುಹೋದಳು. ಊರೆಲ್ಲ ಏನೇನೋ ಆಡಿಕೊಂಡಿತು. ಆದರೆ "ಅವ್ಳು ಈ ಒಸ್ಲು ತುಳಿದ ದಿನ ನಾನು ಬಾವಿಗೆ ಬೀಳ್ತೀನಿ" ಎಂದವಳು ಚಲುವಮ್ಮ. ಇಪ್ಪತ್ತೆರಡು ವರ್ಷ ಆ ಹೆಸರನ್ನು ಮನೆಯಲ್ಲಿ ಯಾರೂ ಎತ್ತಿರಲಿಲ್ಲ.

ಒಳಗಿನಿಂದ ಚಿಕ್ಕಣ್ಣ ತೆಂಗಿನಕಾಯಿ ಹಿಡಿದುಕೊಂಡೇ ಬಂದ.

"ಬಾವಿಗೆ ಬೀಳ್ತೀನಿ ಅಂದಿದ್ಯಲ್ಲಮ್ಮಿ," ಎಂದ. "ಬಾವಿ ಮುಚ್ಚಿಸ್ದೆ. ಆದ್ರೂ ನಿಂಗೆ ಏಳಕ್ಕೆ ಧೈರ್ಯ ಬರ್ನಿಲ್ಲ."

ಬತ್ತಿದ ಬಾವಿ, ಕರು ಬೀಳುತ್ತದೆ ಎಂದು ಅವನು ಮುಚ್ಚಿಸಿದ್ದು ಹದಿನಾಲ್ಕು ವರ್ಷದ ಹಿಂದೆ. ಚಲುವಮ್ಮನಿಗೆ ಈಗ ಲೆಕ್ಕ ಸಿಕ್ಕಿತು. ಇನ್ನೊಬ್ಬ ಹೆಂಗಸಾಗಿದ್ದರೇ ಎಷ್ಟೋ ವಾಸಿಯಿತ್ತು. ಬಾಯಿಗೆ ಬಂದದ್ದು ಬೈದು, ಜುಟ್ಟು ಹಿಡಿದು ಜಗ್ಗಾಡಿ ಹೋಗಬಹುದಿತ್ತು. ಗಂಡ ಕದ್ದುಮುಚ್ಚಿ ಬರುತ್ತಿದ್ದದ್ದು ತನ್ನ ನಾಲಿಗೆಗೆ ಹೆದರಿ ಎಂದು ಗೊತ್ತಾದ ಮೇಲೆ ಯಾರನ್ನು ಬೈಯುವುದು? ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಎದುರಿಗಿದ್ದ ನಯನಳ ತಲೆಯಲ್ಲಿ ಬಿಳಿ ಕೂದಲು ಕಂಡು ಸಂಕಟವಾಯಿತು. ಹೋಗುವಾಗ ಒಂದೂ ಇರಲಿಲ್ಲ.

ಒಳಗೆ ಸ್ಟೂಲಿನ ಮೇಲೆ ಅಕ್ಕಿಯ ಗಂಟು ಹಾಗೇ ಕೂತಿತ್ತು.

"ಇದೇನ್ರೀ ಇಂಗೆ? ರೇಸನ್ ಕೊಟ್ಟಂಗೆ ಕೊಟ್ಬುಡದಾ ಮಡ್ಲಕ್ಕೀಯ?" ಎಂದು ಗಂಡನ ಮೇಲೆ ರೇಗಿದಳು.

"ನಂಗೇನ್ ಗೊತ್ತದೆ, ಎಂಗಸ್ರ ಕೆಲ್ಸ."

"ಒಡ್ಡೇ ಸೆರಗ," ಎಂದಳು ನಯನಳಿಗೆ. ಗಂಟು ಬಿಚ್ಚಿ, ಐದು ಸಲ ಬೊಗಸೆ ತುಂಬಿ ಅಕ್ಕಿ ಸುರಿದಳು. ಬೆಲ್ಲ, ಕಾಯಿ, ಅರಿಶಿನ, ಕಣ ಇಟ್ಟಳು. ಬಳೆ ತಾನೇ ತೊಡಿಸಿದಳು, ಸಲೀಸಾಗಿ ಹೋದವು. ಕುಂಕುಮ ತನ್ನಲ್ಲಿತ್ತು, ತೆಗೆಯಲಿಲ್ಲ. ಗಲ್ಲ ಹಿಡಿದು ಸುಮ್ಮನೆ ನೋಡಿದಳು.

ನಯನ ಒಳಗೆ ಹೋಗಿ ತಗಡಿನ ಡಬ್ಬಿಯೊಂದನ್ನು ತಂದಳು. ಮುಚ್ಚಳ ತೆರೆದರೆ ಒಣಗಿದ ಬೇವಿನೆಲೆಯ ನಡುವೆ ಅಕ್ಕಿ. ಮೇಲಿನದು ಬೆಳ್ಳಗಿತ್ತು, ತಳದ್ದು ಹುಳ ಹಿಡಿದು ಹಿಟ್ಟಾಗಿತ್ತು.

"ಮಡ್ಲು ತುಂಬಿಸ್ಕಂಡ ಮಗಳು ತವರಿಗೆ ಒಂದ್ ಇಡಿ ವಾಪಸ್ ಆಕ್ಬೇಕು, ಇಲ್ದಿದ್ರೆ ತವರು ಬರಿದಾಯ್ತದೆ ಅಂತ ನೀವೇ ಏಳ್ಕೊಟ್ಟಿದ್ರಿ ಅತ್ಗೆ. ಪ್ರತಿ ವರ್ಸ ಒಂದೊಂದಿಡಿ ಎತ್ತಿಟ್ಟೆ. ಅಣ್ಣಂಗೆ ಸೆರಗಿಲ್ವಲ್ಲ, ಯಾತ್ರಲ್ಲಿ ಆಕ್ಲಿ?"

ಚಲುವಮ್ಮ ಸೆರಗೊಡ್ಡಿದಳು. ನಯನ ಈ ವರ್ಷದ ಹಿಡಿಯನ್ನೂ ಸೇರಿಸಿ ಡಬ್ಬಿಯನ್ನು ಅದರೊಳಕ್ಕೆ ಬೋರಲು ಹಾಕಿದಳು.

ಹೊರಡುವಾಗ ಬಾಗಿಲಲ್ಲಿ ನಿಂತು ಚಲುವಮ್ಮ, "ಬರೋ ವರ್ಸ ಅಣ್ಣನ್ ಕಾಯ್ಬೇಡ. ಗಂಡ-ಮಗಳ ಕರ್ಕಂಡು ನೀನೇ ಬಾ," ಎಂದಳು. ಆಮೇಲೆ ಸೇರಿಸಿದಳು, "ಬೀಳಕ್ಕೆ ಈಗ ಬಾವಿನೂ ಇಲ್ಲ."

ಮಾರನೆಯ ದಿನ ಚೆಕ್‌ಪೋಸ್ಟಿನಲ್ಲಿ ಅದೇ ಗಾರ್ಡು ಬಸ್ಸು ಹತ್ತಿದ. ಚಿಕ್ಕಣ್ಣನ ಚೀಲ ಖಾಲಿ. ಚಲುವಮ್ಮನ ಮಡಿಲಲ್ಲಿದ್ದ ಸೆರಗಿನ ಗಂಟನ್ನು ನೋಡಿ ಅನುಮಾನದಿಂದ ನಿಂತ.

"ಅದ್ರಲ್ಲೇನಮ್ಮ?"

ಅವಳು ಬಿಚ್ಚಿ ತೋರಿಸಿದಳು. ಅಕ್ಕಿಯ ಮೇಲೆ ಕಪ್ಪು ಹುಳವೊಂದು ಓಡಾಡುತ್ತಿತ್ತು.

"ಹುಳ ಬಿದ್ದದಲ್ಲಮ್ಮ, ಎಸೀಬಾರ್ದಾ? ಯಾರ್ ಕೊಟ್ರು ಇದ್ನ?"

"ನಮ್ ನಾದ್ನಿ," ಎಂದಳು ಚಲುವಮ್ಮ, ಬಸ್ಸಿನವರಿಗೆಲ್ಲ ಕೇಳುವಂತೆ. ಹುಳವನ್ನು ಬೆರಳಿಗೆ ಹತ್ತಿಸಿಕೊಂಡು ಕಿಟಕಿಯಿಂದಾಚೆ ಬಿಟ್ಟಳು. ಒಂದು ಕಾಳೂ ಚೆಲ್ಲದಂತೆ ಗಂಟನ್ನು ಮತ್ತೆ ಕಟ್ಟಿದಳು.